ಕಣದಲ್ಲಿ ಶೂ ಹಾಕಂಗಿಲ್ಲ ಸಾರ್!

ಗೋಣಿಬೀಡಿನ ಹತ್ತಿರದ ಆ ಕಾಫಿ ತೋಟದಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಸಿಲ್ವರ್ ಮರಗಳ ಸಂದಿನಲ್ಲಿ ಮಂಜು ಹಾಗೇ ಕೂತಿದೆ. ಕಾಫಿ ಒಣಗಿಸುವ ಕಣದ ನಡುವೆ ನಿನ್ನೆ ಸಂಜೆ ಗುಡ್ಡೆ ಹಾಕಿ ಟಾರ್ಪಾಲು ಹೊದಿಸಿದ ಕಾಫಿ, ಅದರ ಸುತ್ತ ಬರಿಗಾಲಲ್ಲಿ ಓಡುತ್ತಿರುವ ಆರೇಳು ಹುಡುಗಿಯರು. ಸೀರೆಯ ಮೇಲೆ ಗಂಡಸರ ತುಂಬುತೋಳಿನ ಅಂಗಿ ತೊಟ್ಟು, ತಲೆಗೆ ಟವೆಲ್ ಬಿಗಿದು, ಇಬ್ಬನಿ ಗುಡಿಸುತ್ತಿರುವ ಹೆಂಗಸು ಪೊರಕೆ ನಿಲ್ಲಿಸದೆಯೇ ಕೂಗುತ್ತಾರೆ. "ಏಯ್ ರಂಜಿತಾ, ಕೈ ಬೀಸೇ! ಹೂ ಕೊಯ್ಯಕ್ಕೆ ಹೊರಟೋಳ ಹಂಗೆ ಹೋಗ್ತಿದೀಯಲ್ಲೇ ಮಾರಾಯ್ತಿ!"

ಇವರೇ ಯಶೋದಾ. ವಯಸ್ಸು ನಲವತ್ತರ ಆಸುಪಾಸು. ತೋಟದಲ್ಲಿ ಇವರದು ಕಣದ ಕೆಲಸ. ಬಿಸಿಲು ಏರುತ್ತಿದ್ದಂತೆ ಕಾಫಿ ಹರವಬೇಕು, ಗಂಟೆಗೊಮ್ಮೆ ಕೆದಕಬೇಕು, ಮೋಡ ಕಂಡರೆ ಓಡಿ ಮುಚ್ಚಬೇಕು, ಸಂಜೆಗೆ ಮತ್ತೆ ಗುಡ್ಡೆ ಮಾಡಬೇಕು. ಕಾಫಿ ಹರವುವ ಮುಂಚಿನ ಒಂದು ಗಂಟೆ ಮಾತ್ರ ಕಣ ಖಾಲಿ. ಆ ಒಂದು ಗಂಟೆಯಲ್ಲೇ ಇವರು ಸುತ್ತಮುತ್ತಲ ಕೂಲಿಯವರ ಲೈನ್ ಮನೆಗಳ ಹುಡುಗಿಯರನ್ನು ಓಟಗಾರ್ತಿಯರನ್ನಾಗಿ ಮಾಡುತ್ತಿದ್ದಾರೆ. ಸಂಬಳ ಇಲ್ಲ, ವಿಸಿಲ್ಲೂ ಇಲ್ಲ. ಯಶೋದಾ ಗಂಟಲು ಬಿಟ್ಟರೆ ಮೂಡಿಗೆರೆ ಬಸ್ಸೂ ನಿಂತುಬಿಡುತ್ತೆ ಎಂದು ತೋಟದವರು ತಮಾಷೆ ಮಾಡುತ್ತಾರೆ. ಹಾಗಿದ್ದ ಮೇಲೆ ವಿಸಿಲ್ ಯಾಕೆ ಬೇಕು ಹೇಳಿ!

ಕಣಕ್ಕೆ ಒಂದು ಕಟ್ಟುನಿಟ್ಟು ಇದೆ. ಕಾಫಿ ಇರುವಷ್ಟು ದಿನ ಅಲ್ಲಿಗೆ ಯಾರೂ ಮೆಟ್ಟು ಹಾಕಿಕೊಂಡು ಇಳಿಯುವಂತಿಲ್ಲ. ಮಣ್ಣು ತಗುಲುತ್ತೆ, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟ್ ಬೀಜ ಕಾಲಡಿ ಒಡೆಯುತ್ತೆ ಎನ್ನುವುದು ಒಂದು ಕಾರಣ. ಬೆಳೆ ಕೂತ ಜಾಗ ಎನ್ನುವುದು ಅದಕ್ಕಿಂತ ದೊಡ್ಡ ಕಾರಣ. ತೋಟದ ಮಾಲೀಕ ಶಾಂತವೀರಪ್ಪನವರೇ ಈ ವಯಸ್ಸಿನಲ್ಲೂ ಕಟ್ಟೆಯ ಮೇಲೆ ಕೂತು ಬೂಟು ಬಿಚ್ಚಿಟ್ಟು ಇಳಿಯುತ್ತಾರೆ. ಒಮ್ಮೆ ಮರೆತು ಇಳಿದಾಗ ಯಶೋದಾ ಸಾಹುಕಾರರ ಬೂಟನ್ನೇ ದಿಟ್ಟಿಸುತ್ತಾ ನಿಂತರಂತೆ. ಅವರು ನಾಚಿಕೊಂಡು ವಾಪಸ್ಸು ಹತ್ತಿದ್ದನ್ನು ತೋಟದ ಲೆಕ್ಕ ಬರೆಯುವ ರೈಟರು ಇವತ್ತಿಗೂ ನಗುತ್ತಾ ಹೇಳುತ್ತಾರೆ.

ಯಶೋದಾ ಕೂಡ ಒಂದು ಕಾಲಕ್ಕೆ ಓಡಿದವರೇ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಪೇಟೆಯ ಕ್ಲಬ್ಬಿನವರು ಬಂದು ಕರೆದುಕೊಂಡು ಹೋದರು. ಊಟ, ಬಟ್ಟೆ, ಕೈಖರ್ಚು ಎಲ್ಲಾ ಕೊಟ್ಟರು. ಸ್ಕೂಲು ಆಮೇಲೆ ನೋಡಿಕೊಂಡರಾಯಿತು ಅಂದರು. ಎರಡು ವರ್ಷಕ್ಕೆ ಮೊಣಕಾಲು ಕೈಕೊಟ್ಟಿತು. ಊರಿಗೆ ಬಂದು ಕ್ರೀಡಾ ಕೋಟಾದಲ್ಲಿ ಕೆಲಸ ಕೇಳಿದರೆ ಹತ್ತನೇ ಕ್ಲಾಸು ಪಾಸಾಗಿರಬೇಕು ಅಂದರು. "ಮೆಡಲ್ ತೋರ್ಸಿದೆ. ಅವ್ರು ಮಾರ್ಕ್ಸ್ ಕಾರ್ಡ್ ಕೇಳಿದ್ರು. ಸರಿ ಅಂತ ಬಂದು ಪೊರಕೆ ಹಿಡ್ಕೊಂಡೆ" ಎನ್ನುತ್ತಾರೆ ಯಶೋದಾ. ಅಳುಮೋರೆ ಇಲ್ಲ. ನಗುತ್ತಲೇ ಹೇಳುತ್ತಾರೆ.

ಕಣದ ಓಟ ಶುರುವಾಗಿದ್ದು ಹೀಗೇ ಸುಮ್ಮನೆ. ಅಮ್ಮಂದಿರ ಜೊತೆ ಬಂದ ಹುಡುಗಿಯರು ಚಳಿಗೆ ಗುಡ್ಡೆ ಸುತ್ತ ಓಡುತ್ತಿದ್ದರು. ನೋಡಿ ನೋಡಿ ಯಶೋದಾಗೆ ಕೈ ಕಡಿಯಿತು, ತಿದ್ದತೊಡಗಿದರು. ಕಾಫಿ ಕೆದಕುವಾಗ ಬಲಕ್ಕೆ ಸುತ್ತುವುದು ಇಲ್ಲಿಯ ರೂಢಿ. ಹುಡುಗಿಯರೂ ಬಲಕ್ಕೇ ಸುತ್ತಿದರು. ಮೈದಾನದಲ್ಲಿ ಎಡಕ್ಕೆ ಸುತ್ತಬೇಕು ಎಂದು ಹೇಳಿಕೊಡಲು ಯಶೋದಾ ಮರೆತೇಬಿಟ್ಟಿದ್ದರು! ಮೊದಲ ತಾಲ್ಲೂಕು ಕ್ರೀಡಾಕೂಟದಲ್ಲಿ ಗುಂಪೆಲ್ಲಾ ಎಡಕ್ಕೆ ಹೋದರೆ ಪುಟ್ಟ ಭುವನಾ ಒಬ್ಬಳೇ ಬಲಕ್ಕೆ ಹಾರಿ, ಎದುರಿಗೆ ಬಂದವರಿಗೆಲ್ಲ ದಾರಿ ಬಿಡುತ್ತಾ ಓಡಿದಳು. ಮೈದಾನ ಬಿದ್ದು ಬಿದ್ದು ನಕ್ಕಿತು. ಯಶೋದಾಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಮಾರನೆಯ ದಿನದಿಂದ ಓಟ ಎಡಕ್ಕೆ, ಕಾಫಿ ಬಲಕ್ಕೆ.

ಅದೇ ಭುವನಾ ಈಗ ಹತ್ತನೇ ಕ್ಲಾಸು. ಕಾಫಿ ಕೊಯ್ಯುವ ಗಿಡ್ಡಮ್ಮನ ಮೊಮ್ಮಗಳು. ಕಳೆದ ಮಳೆಗಾಲ ಮುಗಿದ ಮೇಲೆ ನಡೆದ ಜಿಲ್ಲಾ ಕೂಟದಲ್ಲಿ ಎಂಟುನೂರು ಮೀಟರ್ ಓಟದಲ್ಲಿ ಎರಡನೆಯವಳನ್ನು ಎಷ್ಟು ಹಿಂದೆ ಬಿಟ್ಟಳೆಂದರೆ, ಗೆದ್ದು ನೀರು ಕುಡಿಯುವಷ್ಟು ಹೊತ್ತು ಸಿಕ್ಕಿತಂತೆ. ಕಣದಲ್ಲಿ ಅವಳು ಓಡುವ ವಿಡಿಯೊ ಊರೂರಿನ ಮೊಬೈಲಿಗೆ ಹೋಯಿತು. ಹಾಗೆ ಹೋಗಿ ಹೋಗಿ ಅದು ಪಟ್ಟಣದ ಖಾಸಗಿ ಕಾಲೇಜೊಂದರ ಕ್ರೀಡಾ ವಿಭಾಗ ನೋಡಿಕೊಳ್ಳುವ ವಿಶ್ವನಾಥ್ ಕೈಗೂ ಸಿಕ್ಕಿತು.

ನವೆಂಬರ್ ಕೊನೆಗೆ ಅವರು ಜೀಪಿನಲ್ಲಿ ಬಂದರು. ಒಳ್ಳೆಯ ಮನುಷ್ಯ, ಮಾತು ಮೆದು. ಭುವನಾ ಈಗಲೇ ಕಾಲೇಜಿನ ಅಕಾಡೆಮಿಗೆ ಸೇರಬೇಕು, ಶೂ ಕಂಪನಿಯೊಂದು ಅವಳ ಫೋಟೊ ದೊಡ್ಡ ಬೋರ್ಡಿಗೆ ಹಾಕುತ್ತದೆ, ತಿಂಗಳು ತಿಂಗಳು ದುಡ್ಡು ಕೊಡುತ್ತದೆ ಎಂದರು. ಹತ್ತನೇ ಕ್ಲಾಸು? "ಅದನ್ನ ಮುಂದೆ ಯಾವಾಗ ಬೇಕಾದ್ರೂ ಪ್ರೈವೇಟಾಗಿ ಬರೀಬಹುದು." ಗಿಡ್ಡಮ್ಮ ಬಾಯಿ ಮೇಲೆ ಕೈ ಇಟ್ಟುಕೊಂಡರು. ಭುವನಾ ಅಂತೂ ನೆಲದ ಮೇಲೇ ಇರಲಿಲ್ಲ.

ಯಶೋದಾಗೆ ಆ ರಾತ್ರಿ ಊಟ ಸೇರಲಿಲ್ಲ. ಹುಡುಗಿ ಹೋಗಬಾರದು ಎಂದಲ್ಲ. ಹೋಗಲೇಬೇಕು, ಈ ಕಣ ಅವಳ ಕಾಲಿಗೆ ಯಾವತ್ತೋ ಚಿಕ್ಕದಾಗಿದೆ. ಆದರೆ ಪರೀಕ್ಷೆ ಬರೆಯದೆ ಹೋದರೆ? ಮಾರನೆಯ ದಿನ ಬಾಯಿ ಬಿಟ್ಟರು. "ಮಾರ್ಚ್ ಗಂಟ ತಡ್ಕಳೇ ತಾಯಿ. ಬರೆದು ಹೋಗು."

ಭುವನಾಗೆ ಸಿಟ್ಟು ನೆತ್ತಿಗೇರಿತು. "ಅಷ್ಟ್ರೊಳಗೆ ಅವ್ರು ಬೇರೆಯವ್ರನ್ನ ಹುಡುಕ್ಕೋತಾರೆ ಯಶೋದಕ್ಕ. ನೀವು ಹತ್ತನೇ ಕ್ಲಾಸ್ ಇಲ್ದೆ ಬದುಕ್ತಿಲ್ವಾ?"

"ಅದಕ್ಕೇ ಹೇಳ್ತಿರೋದು ಕಣೇ."

"ಅಷ್ಟು ಮುಖ್ಯ ಆಗಿದ್ರೆ ನೀವೇ ಬರೀರಿ ನೋಡಾಣ!" ಎಂದು ಹುಡುಗಿ ದಡದಡನೆ ಹೊರಟುಹೋದಳು. ಎರಡು ದಿನ ಓಟಕ್ಕೂ ಬರಲಿಲ್ಲ. ಯಶೋದಾ ಕೆದಕಿದ ಕಾಫಿಯನ್ನೇ ಮತ್ತೆ ಮತ್ತೆ ಕೆದಕುತ್ತಿದ್ದರು ಎನ್ನುತ್ತಾರೆ ಮೇಸ್ತ್ರಿ.

ಮೂರನೆಯ ದಿನ ವಿಶ್ವನಾಥ್ ಫೋಟೊಗ್ರಾಫರನ್ನು ಕರೆದುಕೊಂಡೇ ಬಂದರು. ಕಂಪನಿಗೆ ಬೇಕಿದ್ದದ್ದು ಬರೀ ಹುಡುಗಿಯಲ್ಲ, ಕಣದ ಹುಡುಗಿ. ಹರವಿದ ಕಾಫಿ, ಹಿಂದೆ ಗುಡ್ಡ, ನಡುವೆ ಹೊಸ ಶೂ ತೊಟ್ಟು ಓಡುವ ಭುವನಾ. ಫೋಟೊ ಆದ ತಕ್ಷಣ ಅದೇ ಜೀಪಿನಲ್ಲಿ ಅವಳನ್ನು ಕರೆದೊಯ್ಯುವುದು ಅವರ ಲೆಕ್ಕ. ಗಿಡ್ಡಮ್ಮ ಬಟ್ಟೆ ಗಂಟು ಕಟ್ಟಿಯೂ ಆಗಿತ್ತು. ಹುಡುಗಿ ಕಟ್ಟೆಯ ಮೇಲೆ ಕೂತು ಶೂ ಲೇಸು ಬಿಗಿದುಕೊಂಡಳು. ಅಷ್ಟರಲ್ಲಿ ಯಶೋದಾ ಪೊರಕೆ ಹಿಡಿದು ಅಡ್ಡ ನಿಂತರು.

"ಕಣದಲ್ಲಿ ಶೂ ಹಾಕಂಗಿಲ್ಲ ಸಾರ್!"

"ಹೊಸ ಶೂ ಅಲ್ವಾ, ಒಂಚೂರೂ ಮಣ್ಣಿಲ್ಲ ನೋಡಿ" ಎಂದರು ವಿಶ್ವನಾಥ್.

"ಹೊಸದಾದ್ರೂ ಕಾಲಿಗೆ ಹಾಕೋದೇ ಅಲ್ವಾ ಸಾರ್?"

ಫೋಟೊಗ್ರಾಫರ್ ಉತ್ಸಾಹದಿಂದ, "ಬರಿಗಾಲಲ್ಲೇ ತೆಗೀತೀನಿ, ಸಖತ್ತಾಗಿ ಬರುತ್ತೆ" ಎಂದ. "ಶೂ ಕಂಪನಿ ಕಣಯ್ಯಾ!" ಎಂದು ವಿಶ್ವನಾಥ್ ತಲೆ ಚಚ್ಚಿಕೊಂಡರು. ಕಾಫಿ ಕೆದಕುತ್ತಿದ್ದವರೆಲ್ಲ ಕಿಸಕ್ಕನೆ ನಕ್ಕರು.

ಕೊನೆಗೆ ಶಾಂತವೀರಪ್ಪನವರ ಬಳಿ ದೂರು ಹೋಯಿತು. ಅವರು ಕಟ್ಟೆಯ ಮೇಲೆ ನಿಂತು ಎರಡೂ ಕಡೆಯ ಮಾತು ಕೇಳಿದರು. "ನೋಡಿ, ತೋಟ ನನ್ನದು, ಕಾಫಿನೂ ನನ್ನದೇ. ಆದ್ರೆ ಕಣದಲ್ಲಿ ನಡೆಯೋದು ಯಶೋದಾ ಮಾತು. ನನ್ನ ಬೂಟೇ ಬಿಚ್ಚಿಸಿದ್ದಾಳೆ, ನಿಮ್ಮ ಶೂ ಬಿಡ್ತಾಳಾ?"

"ಹಂಗಾರೆ ಕಣ ಯಾವಾಗ ಖಾಲಿ ಆಗುತ್ತೆ?" ವಿಶ್ವನಾಥ್ ಸೋತ ದನಿಯಲ್ಲಿ ಕೇಳಿದರು.

ಯಶೋದಾಗೆ ಒಳಗೊಳಗೇ ಜೀವ ಬಂದಂತಾಯಿತು. ಪಾರ್ಚ್‌ಮೆಂಟ್ ಎತ್ತುವಷ್ಟರಲ್ಲಿ ತಡವಾಗಿ ಹಣ್ಣಾಗುವ ರೊಬಸ್ಟಾ ಕಾಫಿ ಕಣಕ್ಕೆ ಬರುತ್ತದೆ. ಅದು ಒಣಗಿ ಮೂಟೆ ಕಟ್ಟುವ ಹೊತ್ತಿಗೆ ಪರೀಕ್ಷೆಯೂ ಮುಗಿದಿರುತ್ತದೆ. "ಏಪ್ರಿಲ್‌ನಲ್ಲಿ ಬನ್ನಿ ಸಾರ್. ಕಣ ತೊಳೆದು ಕೊಡ್ತೀನಿ. ಶೂ ಹಾಕ್ಕೊಂಡು ಕುಣೀಲಿ ಬೇಕಾದ್ರೆ!"

ಈಗ ಎಲ್ಲರ ಕಣ್ಣೂ ಭುವನಾ ಮೇಲೆ. ಬೇಡ, ಮೈದಾನದಲ್ಲೇ ಫೋಟೊ ತೆಗೆಯಿರಿ ಎಂದು ಜೀಪು ಹತ್ತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವಳನ್ನು ಹಿಡಿದು ನಿಲ್ಲಿಸುವ ಹಕ್ಕು ತನಗಿಲ್ಲ ಎಂದು ಯಶೋದಾಗೆ ಗೊತ್ತು. ಅಡ್ಡ ಹಿಡಿದಿದ್ದ ಪೊರಕೆಯನ್ನು ಕೆಳಗಿಳಿಸಿದರು. ಹುಡುಗಿ ಬಗ್ಗಿ ಲೇಸು ಸಡಿಲ ಮಾಡಿದಳು. "ಏಪ್ರಿಲ್‌ಗೆ ಬಂದ್ರೂ ಸೇರಿಸ್ಕೋತೀರಾ ಸಾರ್? ಕಂಪನಿಯವ್ರನ್ನ ಈಗ್ಲೇ ಕೇಳಿ ಹೇಳಿ."

ಸಿಗ್ನಲ್ ಸಿಗುವ ತಿರುವಿನವರೆಗೆ ನಡೆದುಹೋಗಿ ವಿಶ್ವನಾಥ್ ಫೋನು ಮಾಡಿ ಬಂದರು. ಕಾಫಿ ಇಲ್ಲದಿದ್ದರೂ ಪರವಾಗಿಲ್ಲ, ಕಂಪನಿಯವರಿಗೆ ಕಣವೇ ಬೇಕಂತೆ. ಕಾಯುತ್ತಾರಂತೆ. ಗಿಡ್ಡಮ್ಮ ಗಂಟು ಬಿಚ್ಚುತ್ತಾ, "ಸುಮ್ನೆ ಬೆಳಗಿಂದ ಕಟ್ಟಿಸಿದ್ರಲ್ಲಪ್ಪಾ" ಎಂದು ಗೊಣಗಿದರು. ಹೊರಡುವಾಗ ಯಶೋದಾ ವಿಶ್ವನಾಥ್‌ಗೆ ಒಂದು ಲೋಟ ಬೆಲ್ಲದ ಕಾಫಿ ಕೊಟ್ಟು ಕಳಿಸಿದರು.

ಆದರೆ ಭುವನಾ ಸವಾಲು ಹಾಕಿದ್ದು ಹಾಗೇ ಉಳಿದಿತ್ತಲ್ಲ! ಯಶೋದಾ ಯಾರಿಗೂ ಹೇಳದೆ ಸ್ಕೂಲಿಗೆ ಹೋಗಿ ಹೆಡ್‌ಮಿಸ್ ಮುಂದೆ ನಿಂತರು. ಗಡುವು ಮುಗಿಯುವುದರೊಳಗೆ ಅವರೇ ಇವರ ಹೆಸರಿಗೂ ಪ್ರೈವೇಟಾಗಿ ಪರೀಕ್ಷೆ ಬರೆಯುವ ಅರ್ಜಿ ಹಾಕಿಸಿದರು. ಸುದ್ದಿ ಕೇಳಿ ಭುವನಾ, "ಅಯ್ಯೋ ಯಶೋದಕ್ಕ, ನಾನು ಸಿಟ್ಟಲ್ಲಿ ಅಂದಿದ್ದು!" ಎಂದು ಅವರನ್ನು ತಬ್ಬಿಕೊಂಡು ಅತ್ತಳು, ಆಮೇಲೆ ನಕ್ಕಳು. ಈಗ ಪಾಠ ಹೇಳಿಕೊಡುವವಳು ಅವಳೇ. ಓಟ ಮುಗಿಸಿ ಕಟ್ಟೆಯ ಮೇಲೆ ಕೂತು ಪ್ರಶ್ನೆ ಓದುತ್ತಾಳೆ. ಯಶೋದಾ ಕಾಫಿ ಹರವುತ್ತಾ ಉತ್ತರ ಕೂಗುತ್ತಾರೆ. ಸಮಾಜ, ಕನ್ನಡ ನೀರು ಕುಡಿದಂತೆ. ಗಣಿತ ಬಂದರೆ ಮಾತ್ರ ಗಂಟಲು ಸಣ್ಣಗಾಗುತ್ತದೆ. "ತಪ್ಪು! ಇನ್ನೊಂದ್ಸಲ!" ಎಂದು ಭುವನಾ ಗದರಿದರೆ ಉಳಿದ ಹುಡುಗಿಯರಿಗೆ ಹಬ್ಬ.

ಮುಂದಿನ ತಿಂಗಳು ಇಬ್ಬರೂ ಒಂದೇ ಬಸ್ಸಿನಲ್ಲಿ ಮೂಡಿಗೆರೆಗೆ ಹೋಗಿ ಪರೀಕ್ಷೆ ಬರೆಯಲಿದ್ದಾರೆ. ಪಾಸಾದರೆ ಯಶೋದಾ ಏನು ಮಾಡುತ್ತಾರೆ? ಕೇಳಿದರೆ ಕಾಫಿ ಕೆದಕುವುದನ್ನು ಅರೆಕ್ಷಣ ನಿಲ್ಲಿಸಿ, ಬೆವರು ಒರೆಸಿಕೊಂಡು, ಜೋರಾಗಿ ನಗುತ್ತಾರೆ.

"ಏನ್ ಮಾಡ್ತೀನಿ, ಇದೇ ಕೆಲ್ಸ. ಆದ್ರೆ ನಾಳೆ ಇನ್ಯಾರಾದ್ರೂ ಬಂದು ಇನ್ನೊಬ್ಳು ಹುಡುಗೀನ ಕರೆದ್ರೆ, 'ನಾನು ಪಾಸಾಗಿದೀನಿ, ನೀನೂ ಪಾಸಾಗಿ ಹೋಗೇ' ಅಂತ ಎದೆ ತಟ್ಕೊಂಡು ಹೇಳ್ಬೋದಲ್ಲ. ಅಷ್ಟು ಸಾಕು ನಂಗೆ."