ಗೋಲಿ ಹಾಕಿ ಕಾಪಾಡಿದ ದ್ರಾಕ್ಷಿರಸ

ಮಕ್ಕಳೇ, ನಿಮ್ಮ ಅಜ್ಜಿ ವೈನ್ ಕುಡಿದ ಸುದ್ದಿಯನ್ನು ಬೇರೆಯವರು ಹೇಳುವ ಮೊದಲು ನಾನೇ ಬರೆದುಬಿಡುತ್ತೇನೆ. ಹೇಳಲು ನಾಚಿಕೆ, ಬರೆಯಲು ಅಷ್ಟಿಲ್ಲ.

ಗಿಣಿಗೇರಾದ ನಮ್ಮ ಪಕ್ಕದ ಮನೆಯಲ್ಲಿ ನರ್ಸಮ್ಮ ಇದ್ದಾರೆ. ಕ್ರೈಸ್ತರು, ನೌಕರಿಯಿಂದ ನಿವೃತ್ತರಾದವರು. ನಿಮ್ಮ ಅಜ್ಜ ಹೋದ ಮೇಲೆ ನಾನು ಬಾಯಿಬಿಟ್ಟು ಮಾತಾಡುವುದು ಅವರೊಬ್ಬರ ಹತ್ತಿರ ಮಾತ್ರ. ಕುಷ್ಟಗಿ ಕಡೆಯ ಕರಿ ದ್ರಾಕ್ಷಿ ತರಿಸಿ ಅವರು ವೈನ್ ಮಾಡಿದರು. ಕಿವುಚಲು ನಾನೂ ಕೈ ಹಾಕಿದ್ದೆ. ಹುಳಿಯುವುದು ನಿಂತ ಮೇಲೆ ಅದನ್ನು ಸೋಸಿ, ದೊಡ್ಡ ಗಾಜಿನ ಬುಡ್ಡಿಗೆ ಕತ್ತಿನವರೆಗೆ ತುಂಬಿ ಬೂಚು ಬಡಿದರು. ಅಷ್ಟರಲ್ಲಿ ಮಗಳ ಹೆರಿಗೆಗೆಂದು ಗಂಗಾವತಿಗೆ ಹೊರಡಬೇಕಾಯಿತು. ಬುಡ್ಡಿಯನ್ನು ತಂದು ನಮ್ಮ ಅಡುಗೆಮನೆಯ ಮೂಲೆಯಲ್ಲಿಟ್ಟರು.

"ತಂಗಿ, ಕೂಸಿನ ದೀಕ್ಷಾಸ್ನಾನದ ಊಟಕ್ಕ ಇದ ವೈನು. ಬೀಗರೆಲ್ಲಾ ಬರ್ತಾರ. ಗಾಳಿ ತಾಕಿದ್ರ ಹುಳಿ ಹಿಡಿತೈತಿ, ನನ್ನ ಮಾನ ಹೋಗ್ತೈತಿ. ಮುಟ್ಟಬ್ಯಾಡ, ಸುಮ್ನ ನೋಡ್ಕೋ."

ಸುಮ್ಮನೆ ನೋಡುವುದು ಹೇಗೆ? ಉಪ್ಪಿನಕಾಯಿ ಜಾಡಿಯಾದರೂ ವಾರಕ್ಕೊಮ್ಮೆ ತೆಗೆದು ನಾಲಿಗೆಗೆ ಹಚ್ಚಿ ನೋಡುವ ಮನೆ ನಮ್ಮದು. ಕೆಟ್ಟಿದೆಯೋ ಇಲ್ಲವೋ ತಿಳಿಯಬೇಡವೇ? ಉದ್ದ ಹಿಡಿಕೆಯ ಸಣ್ಣ ಎಣ್ಣೆ ಸೌಟು ಇಳಿಸಿ ಒಂದು ಗುಟುಕು ನೋಡಿದೆ. ಕೆಟ್ಟಿರಲಿಲ್ಲ. ಮರುದಿನ ಕೆಟ್ಟಿರಬಹುದೆಂದು ಮತ್ತೆ ನೋಡಿದೆ. ಅನುಮಾನ ಹೆಚ್ಚಾದ ದಿನ ಎರಡು ಸೌಟು. ಅನುಮಾನ ದಿನದಿನಕ್ಕೆ ಹೆಚ್ಚಾಯಿತು.

ನರ್ಸಮ್ಮ ಫೋನ್ ಮಾಡಿ, "ಬುಡ್ಡಿ ಹೆಂಗೈತಿ?" ಎನ್ನುವರು.

"ಭಾಳ ಛಲೋ ಐತ್ರೀ ಅಕ್ಕಾರ," ಎನ್ನುವೆ. ನನ್ನಷ್ಟು ಖಚಿತವಾಗಿ ಇನ್ಯಾರು ಹೇಳಬಲ್ಲರು?

ಒಂದು ದಿನ ಸೌಟು ಖಾಲಿಯಾಗಿಯೇ ಮೇಲೆ ಬಂತು. ಇಣುಕಿದರೆ ರಸ ಕತ್ತು ಬಿಟ್ಟು ಹೆಗಲಿಗೆ ಇಳಿದಿದೆ. ಮೇಲೆಲ್ಲ ಗಾಳಿ! ನೀರು ಸುರಿದರೆ ರುಚಿ ನೀರಾಗುತ್ತದೆ. ಫೋನ್ ಮಾಡಿ ಹೇಳಲು ಬಾಯಿ ಬರಲಿಲ್ಲ. ಏನು ಮಾಡಲೆಂದು ತಿಳಿಯದೆ ಪಾತ್ರೆ ತೊಳೆಯಲು ಕೂತೆ. ತುಂಬಿದ ಬಕೆಟ್ಟಿಗೆ ತಂಬಿಗೆ ಇಳಿಸಿದ್ದೇ, ನೀರು ಉಕ್ಕಿ ಸೀರೆಯೆಲ್ಲ ತೊಯ್ಯಿತು. ಅಲ್ಲೇ ಹೊಳೆಯಿತು.

ಬಸ್ಸು ಹತ್ತಿ ಕೊಪ್ಪಳಕ್ಕೆ ಹೋದೆ. ಕಲ್ಲು ಹಾಕಿದರೆ ರಸಕ್ಕೆ ಏನಾಗುತ್ತದೋ ಯಾರಿಗೆ ಗೊತ್ತು. ಬುಡ್ಡಿ ಗಾಜಿನದು, ಗಾಜಿನ ಗೋಲಿಗೂ ಅದಕ್ಕೂ ಜಗಳವಿಲ್ಲ. ಅಂಗಡಿಯಲ್ಲಿದ್ದ ಗೋಲಿಗಳನ್ನೆಲ್ಲ ಕಟ್ಟಿಸಿದಾಗ ಅಂಗಡಿಯ ಸಾಹೇಬರು ಕಣ್ಣರಳಿಸಿದರು.

"ಮೊಮ್ಮಕ್ಕಳಿಗೇನ್ರಿ ಅಮ್ಮಾರ? ಎಷ್ಟ ಮಂದಿ ಅದಾರ?"

ಸೆರಗಿನೊಳಗಿಂದ "ಭಾಳ ಮಂದಿ ಅದಾರ್ರಿ" ಎಂದೆ. ನೀವು ಮೂವರೇ, ಕ್ಷಮಿಸಿ.

ಗೋಲಿಗಳನ್ನು ಸೋಪಿನಲ್ಲಿ ತೊಳೆದು, ಕುದಿಸಿ, ಆರಿಸಿದೆ. ಬುಡ್ಡಿಯನ್ನು ಓರೆ ಮಾಡಿ ಒಂದೊಂದಾಗಿ ಜಾರಿಸಿದೆ. ಟಣ್ ಎನ್ನುವುದು, ಸೊರ್ ಎಂದು ಉರುಳುವುದು, ರಸ ಕೂದಲೆಳೆಯಷ್ಟು ಏರುವುದು. ಒಬ್ಬಳೇ ಕೂತು ಹುಡುಗಿಯಂತೆ ನಕ್ಕೆ. ಮಧ್ಯಾಹ್ನದ ಊಟವೂ ನೆನಪಾಗಲಿಲ್ಲ. ಸಂಜೆಗೆ ರಸ ಕತ್ತಿಗೆ ಬಂದು ನಿಂತಿತು. ಬೂಚು ಬಡಿದು ಮೇಲೆ ಬಟ್ಟೆ ಕಟ್ಟಿದೆ, ನನ್ನ ಕೈಗೂ ಸಿಗದಂತೆ ಮೂರು ಗಂಟು ಹಾಕಿ.

ವೈನನ್ನು ಬಾಟಲಿಗಳಿಗೆ ತುಂಬಿ ಒಯ್ಯಲು ನರ್ಸಮ್ಮ ಬಂದರು. ಸಲೈನ್ ನಳಿಕೆಯಿಂದ ಮೊದಲು ಒಂದು ಲೋಟ ಇಳಿಸಿ ಕುಡಿದರು.

"ಎಷ್ಟ ಛಲೋ ಐತಿ ತಂಗಿ! ಒಂದಿಷ್ಟೂ ಹುಳಿ ಹಿಡಿದಿಲ್ಲ."

ಹೋದ ಜೀವ ಬಂತು. ಆದರೆ ಬಾಟಲಿಗಳು ತುಂಬುತ್ತ ಬುಡ್ಡಿ ಬರಿದಾಗುವುದಲ್ಲ! ಅದನ್ನು ನಾನು ಯೋಚಿಸಿಯೇ ಇರಲಿಲ್ಲ. ತಳದಲ್ಲಿ ಹಸಿರು, ನೀಲಿ, ಹಳದಿ ಮಿನುಗತೊಡಗಿತು.

ನರ್ಸಮ್ಮ ಬಗ್ಗಿ ನೋಡಿದರು. "ಇದೇನ? ಬುಡ್ಡಿ ತತ್ತಿ ಇಟ್ಟೈತೇನ?"

ಎಲ್ಲ ಒಪ್ಪಿಕೊಂಡೆ. ಅವರು ಗೋಲಿಗಳನ್ನು ತೆಗೆದು, ತುಂಬಿದ ಪಾತ್ರೆಯ ನೀರಿಗೆ ಸುರಿದರು. ಉಕ್ಕಿದ ನೀರನ್ನು ತಟ್ಟೆಯಲ್ಲಿ ಹಿಡಿದು ಬಾಟಲಿಗೆ ಹಾಕಿ ಎತ್ತಿ ತೋರಿಸಿದರು. ಮುಕ್ಕಾಲು ಬಾಟಲಿ!

"ಇಷ್ಟ ಕುಡದೀಯಲ್ಲ, ಇದು ನೋಡ್ಕೊಳ್ಳೋದೇನ?"

"ಗಾಳಿ ಕುಡಿಯೋಕಿಂತ ನಾ ಕುಡದದ್ದು ಛಲೋ ಅಲ್ಲೇನ್ರಿ ಅಕ್ಕಾರ?"

ಆ ಮಾತು ನನ್ನ ಬಾಯಿಂದ ಹೇಗೆ ಬಂತೋ! ಇಬ್ಬರೂ ನೆಲದ ಮೇಲೆ ಕೂತು ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆವು.

ಗಂಗಾವತಿಯ ಊಟದ ದಿನ ಬೀಗರು ಎರಡನೆಯ ಲೋಟಕ್ಕೆ ಕೈ ಚಾಚಿ ವೈನನ್ನು ಹೊಗಳಿದರು. ನರ್ಸಮ್ಮ ನನ್ನನ್ನು ಮುಂದಕ್ಕೆ ಎಳೆದು, "ಕಾವಲಿದ್ದಾಕಿ ಇಕೀನ ನೋಡ್ರಿ. ಉಳದದ್ದ ನಮ್ಮ ಪುಣ್ಯ!" ಎಂದರು. ಮಂದಿಯೆಲ್ಲ ನಕ್ಕರು. ನಾನು ನರ್ಸಮ್ಮನ ಬೆನ್ನ ಹಿಂದೆ ಅಡಗಿ, ಅಲ್ಲಿಂದಲೇ ನನ್ನ ಲೋಟ ಮುಂದೆ ಚಾಚಿದೆ.