ಒಗೆಯುವ ಕಲ್ಲಿನ ಮೇಲೆ ಎರಡು ನವಿಲು

ನನ್ನ ನಾದಿನಿ ಮದ್ದೂರಿನಲ್ಲಿ ಟೀ ಶರ್ಟುಗಳ ಮೇಲೆ ಚಿತ್ರ ಅಚ್ಚು ಹಾಕುವ ಪುಟ್ಟ ಅಂಗಡಿ ಇಟ್ಟಿದ್ದಾಳೆ. ಅವಳ ಡಿಜಿಟಲ್ ಪ್ರಿಂಟರ್ ಚಿತ್ರವನ್ನು ನೇರವಾಗಿ ಬಟ್ಟೆಗೇ ಇಳಿಸುತ್ತದೆ. ಆದರೆ ಆ ಬಣ್ಣ ನೀರಿನದು. ಬಿಸಿಯಲ್ಲಿ ಚೆನ್ನಾಗಿ ಬೇಯದಿದ್ದರೆ ಬಟ್ಟೆಗೆ ಕಚ್ಚುವುದಿಲ್ಲ. ಒಂದೊಂದೇ ಶರ್ಟನ್ನು ಬಿಸಿ ಹಲಗೆಯ ಕೆಳಗೆ ಒತ್ತಿ ಬೇಯಿಸುತ್ತಿದ್ದಳು. ಹಲಗೂರಿನ ಕಡೆಯ ಒಂದು ಶಾಲೆಗೆ ಕೊಟ್ಟ ಶರ್ಟುಗಳ ಮೇಲಿನ ನವಿಲಿನ ಚಿತ್ರ ಎರಡೇ ಒಗೆತಕ್ಕೆ ಮಂಕಾಯಿತು. ಶಾಲೆಯವರು ಇನ್ನೊಂದು ಸಲ ನೋಡೋಣ ಎಂದಿದ್ದರು.

"ಇದೂ ಕೆಟ್ರೆ ಅಂಗ್ಡಿ ಬಾಗ್ಲು ಆಕೋದೇ ಕಣತ್ತಿಗೆ," ಎಂದಳು.

ಹಾಗೆ ನಾವಿಬ್ಬರೂ ಮಂಡ್ಯಕ್ಕೆ, ಶರ್ಟುಗಳನ್ನು ಸಾಲಾಗಿ ಬೇಯಿಸುವ ಕನ್ವೇಯರ್ ಡ್ರೈಯರ್ ನೋಡಲು ಹೋದೆವು. ನಾನು ಓದಿದ ಕಾನ್ವೆಂಟಿನಲ್ಲಿ ಗೊತ್ತಾಗದಿದ್ದರೆ ಕೈ ಎತ್ತಿ ಕೇಳಿ ಎನ್ನುತ್ತಿದ್ದರು. ನನಗೆ ಆ ಚಾಳಿ ಇನ್ನೂ ಬಿಟ್ಟಿಲ್ಲ. ಯಂತ್ರ ಮಾರುವವರ ಶೆಡ್ಡಿನಲ್ಲಿ ಎರಡು ಯಂತ್ರಗಳಿದ್ದವು. ಎರಡರಲ್ಲೂ ಜಾಲರಿಯ ಬೆಲ್ಟು ಬಟ್ಟೆಯನ್ನು ಮಲಗಿಸಿಕೊಂಡು ಬಿಸಿ ಪೆಟ್ಟಿಗೆಯೊಳಗೆ ಹೋಗಿ ಆ ಕಡೆ ಬರುತ್ತಿತ್ತು. ಗಿಡ್ಡದರಲ್ಲಿ ಕೆಂಪಗೆ ಕಾಯುವ ಸರಳುಗಳು ಮಾತ್ರ. ಉದ್ದದ್ದರಲ್ಲಿ ಬಿಸಿಗಾಳಿ ಊದುವ ಫ್ಯಾನು ಬೇರೆ.

"ಮುಟ್ಟಿ ನೋಡಿ ಮೇಡಂ, ಒಣಗಿಲ್ವಾ?" ಎಂದು ಯಂತ್ರ ಮಾರುವವರು, ನಾವು ಅಚ್ಚು ಹಾಕಿ ಬೇಯಿಸದೆ ತಂದಿದ್ದ ಶರ್ಟುಗಳಲ್ಲಿ ಒಂದನ್ನು ಗಿಡ್ಡದರಲ್ಲಿ ಹಾಯಿಸಿ, ಆ ನವಿಲನ್ನು ಕೈಗಿಟ್ಟರು. ಮೇಲೆ ಗರಿಗರಿ. ಒಳಮೈ ತಿರುಗಿಸಿ ಕೆನ್ನೆಗಿಟ್ಟೆ. ಇನ್ನೂ ಒಂದಿಷ್ಟು ತೇವವಿತ್ತು, ವಿನಿಗರಿನಂಥ ಹುಳಿ ವಾಸನೆ. ಯಾಕೆ ಎಂದೆ. ಬೆಲ್ಟು ನಿಧಾನ ಮಾಡಿ ಇನ್ನೊಂದು ಕಳಿಸಿದರು. ಅದರ ಅಂಚು ದೋಸೆಯ ಹಾಗೆ ಹೊಂಬಣ್ಣಕ್ಕೆ ತಿರುಗಿತು. ಉದ್ದದ್ದರೊಳಗೆ ಒಂದು ಶರ್ಟು ಹೋಗುವಾಗ ಅದರ ಹೊಗೆಕೊಳವೆಗೆ ಅಂಗೈ ಒಡ್ಡಿದೆ. ಅಂಗೈ ಒದ್ದೆಯಾಯಿತು. ಬಟ್ಟೆಯ ನೀರು ಹೋಗುವ ದಾರಿ ಇದೇ ಎಂದು ನನಗೆ ಖುಷಿಯೋ ಖುಷಿ.

ನಾದಿನಿಗೆ ಗಿಡ್ಡದೇ ಬೇಕು. "ದೊಡ್ಡದು ತಂದ್ರೆ ನಾನೆಲ್ಲಿ ನಿಂತ್ಕೊಳ್ಳಿ, ಬೀದೀಲಾ?"

ಎರಡರಲ್ಲೂ ಬೇಯಿಸಿದ ಒಂದೊಂದು ಶರ್ಟನ್ನು ಮನೆಗೆ ತಂದೆವು. ಮರುದಿನ ಬೆಳಿಗ್ಗೆ ಅವಳು ಎಂದಿನಂತೆ ಬಕೆಟ್ಟಿನ ಉಗುರುಬೆಚ್ಚಗಿನ ನೀರಿಗೆ ಸೋಪಿನ ಪುಡಿ ಉದುರಿಸಿ ಮೆಲ್ಲಗೆ ಅದ್ದಿದಳು. ಶಾಲೆಯ ಶರ್ಟುಗಳನ್ನೂ ಹೀಗೇ ಪರೀಕ್ಷೆ ಮಾಡಿ ಪಾಸು ಮಾಡಿದ್ದೆವು. ಮಳವಳ್ಳಿ ಕಡೆಯ ನಮ್ಮತ್ತೆ ಹಿತ್ತಲ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ಇದೇನ್ಲೇ, ಅಸುಗೂಸ್ಗೆ ನೀರಾಕ್ದಂಗೆ ಆಕ್ತಿದ್ದೀಯ? ಐಕ್ಳು ಮಣ್ಣಲ್ಲಿ ಒಳ್ಳಾಡ್ಕಂಡ್ ಬತ್ತವೆ. ಅವ್ರವ್ವದೀರು ಇಂಗೆ ಒಗ್ದಾರಾ? ಬುಡು ಇತ್ತ."

"ಅವ್ವಾ, ಚಿತ್ರ ಕಿತ್ತೋಯ್ತದೆ."

"ಕಿತ್ತೋಗದಾದ್ರೆ ಇಲ್ಲೇ ಕಿತ್ತೋಗ್ಲಿ."

ಬಾರ್ ಸೋಪು ಹಚ್ಚಿ, ಬ್ರಷ್ಷಿನಿಂದ ತಿಕ್ಕಿ, ಕಲ್ಲಿನ ಮೇಲೆ ನಾಲ್ಕು ಏಟು ಬಡಿದರು. ಯಾವುದು ಯಾವ ಯಂತ್ರದ್ದೆಂದು ನಾವು ಹೇಳಲಿಲ್ಲ. ದಿನಾ ಒಗೆದರು. ಮೂರನೆಯ ದಿನ ಗಿಡ್ಡ ಯಂತ್ರದ ನವಿಲಿನ ಕತ್ತು ಬಿರುಕು ಬಿಟ್ಟಿತು. ಐದನೆಯ ದಿನ ಕತ್ತೇ ಇಲ್ಲ. ಇನ್ನೊಂದು ನವಿಲು ತಂತಿಯ ಮೇಲೆ ಮಿರಮಿರ ಮಿಂಚುತ್ತಿತ್ತು.

ನಾದಿನಿ ಅದನ್ನೇ ನೋಡುತ್ತಾ ನಿಂತಳು. ಆಮೇಲೆ ಟೇಪು ಹಿಡಿದು ಅಂಗಡಿಗೆ ಹೋದಳು; ನಾನು ಇನ್ನೊಂದು ತುದಿ ಹಿಡಿದೆ. ಆಸೆಪಟ್ಟು ಮಾಡಿಸಿದ್ದ ಗಾಜಿನ ಶೋಕೇಸನ್ನೂ ಗಿರಾಕಿಗಳು ಕೂರುವ ಬೆಂಚನ್ನೂ ತೆಗೆದರೆ ಮಾತ್ರ ಉದ್ದದ್ದಕ್ಕೆ ಜಾಗ. ಅವಳು ಶೋಕೇಸಿನ ಗಾಜನ್ನು ಸೆರಗಿನಿಂದ ಒಮ್ಮೆ ಒರೆಸಿ, ಮಂಡ್ಯಕ್ಕೆ ಫೋನು ಮಾಡಿದಳು.

"ಫ್ಯಾನಿರೋದೇ ಕಳ್ಸಿ. ಬಂದೋರು ಜಗ್ಲೀಲಿ ಕೂತ್ಕತಾರೆ."