ಅವ್ವ ಒಪ್ಪಿಕೊಂಡ ತಪ್ಪು

ನಮ್ಮ ವಕೀಲರು ಮೊದಲ ದಿನವೇ ಹೇಳಿದ್ದರು. ಗೋಕಾಕದ ಕೋರ್ಟಿನ ಎದುರಿನ ಚಹಾದಂಗಡಿಯಲ್ಲಿ, ಬಶಿಗೆ ಸುರುವಿಕೊಂಡ ಚಹಾ ಊದುತ್ತ ಅಂದರು: "ನೋಡವಾ, ಕಾರು ಬಡದದ್ದು ಖರೆ, ಕೈ ಮುರದದ್ದು ಖರೆ. ಆದ್ರ ತಪ್ಪು ನಿಮ್ಮವ್ವಂದ ಅಂತ ಆತಂದ್ರ ಇನ್ಶೂರನ್ಸ್ ಕಂಪನಿಯವರು ಒಂದ ರೂಪಾಯಿ ಬಿಚ್ಚೂದಿಲ್ಲ. ಇಡೀ ಕೇಸು ಅದೊಂದ್ರ ಮ್ಯಾಲ ನಿಂತೈತಿ."

ಕೇಸು ಅಲ್ಲೇ ಸೋತಂತೆ ಎಂದುಕೊಂಡೆ. ಯಾಕೆಂದರೆ ಅವ್ವ ತನ್ನ ಜೀವಮಾನದಲ್ಲಿ ಆಡಿದ ಮಾತುಗಳಲ್ಲಿ "ನಂದ ತಪ್ಪು" ಎಂಬ ಮಾತಿಗೇ ಮೊದಲ ಸ್ಥಾನ. ಕಂಡಕ್ಟರ್ ಚಿಲ್ಲರೆ ಕಡಿಮೆ ಕೊಟ್ಟರೆ ಅವ್ವನ ತಪ್ಪು, ಮೊದಲೇ ಸರಿಯಾದ ಚಿಲ್ಲರೆ ಹಿಡಿದುಕೊಂಡು ಹತ್ತಬೇಕಿತ್ತು. ಬಾಜೂ ಮನೆಯ ಎಮ್ಮೆ ಹಿತ್ತಲಿಗೆ ನುಗ್ಗಿ ಮೆಂತ್ಯೆ ಮೇಯ್ದರೆ ಅವ್ವನ ತಪ್ಪು, ಬೇಲಿ ಬಿಗಿ ಮಾಡಬೇಕಿತ್ತು. ಮನೆಗೆ ಬಂದವರು ತಾವೇ ಚಹಾ ಚೆಲ್ಲಿಕೊಂಡರೂ ಅವ್ವನ ತಪ್ಪು, ಕಪ್ಪು ತುಂಬ ಹಾಕಬಾರದಿತ್ತು. ನನಗೆ ಇದನ್ನು ಕೇಳಿ ಕೇಳಿ ಸಾಕಾಗಿತ್ತು. ನಮ್ಮ ಕಡೆ ಅದು ಮರ್ಯಾದೆಯ ಮಾತು, ಒಪ್ಪುತ್ತೇನೆ. ಆದರೆ ಕೈ ಮುರಿದುಕೊಂಡು ರಸ್ತೆಯ ಬದಿಗೆ ಕೂತವಳಿಗೂ ಆ ಮರ್ಯಾದೆ ಬೇಕಿತ್ತೆ?

ಕಾರು ಬಡಿದಾಗ ಅವ್ವ ಹೊಡೆಯುತ್ತಿದ್ದ ಸೈಕಲ್ಲು ನಿಜಕ್ಕೂ ನನ್ನದು. ಎಂಟನೆಯ ತರಗತಿಯಲ್ಲಿ ಸರ್ಕಾರದಿಂದ ಬಂದದ್ದು. ನಮ್ಮ ಮನೆತನದಲ್ಲಿ ಅಜ್ಜ ಹೆಬ್ಬೆಟ್ಟು, ಅಪ್ಪ ನಾಲ್ಕನೆಯ ಇಯತ್ತೆ, ಅವ್ವ ಅದೂ ಇಲ್ಲ. ಬಿ.ಎ. ಮುಗಿಸಿದವಳು ನಾನೊಬ್ಬಳೇ. ಹೇಳಿಕೊಳ್ಳಲು ನನಗೆ ಯಾವ ಸಂಕೋಚವೂ ಇಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಸಾಲೆಯ ಬಿಸಿಯೂಟದ ಅಡುಗೆ ಮಾಡಿ ನನ್ನನ್ನು ಓದಿಸಿದಳು. ನಾನು ಗೋಕಾಕದ ಕಾಲೇಜಿಗೆ ಬಸ್ಸಿನಲ್ಲಿ ಹೋಗಲು ಶುರುಮಾಡಿದ ಮೇಲೆ ಸೈಕಲ್ಲು ಗೋಡೆಗೆ ಆನಿಕೊಂಡು ಸುಮ್ಮನೆ ನಿಂತಿತ್ತು. ಒಂದು ದಿನ ಅವ್ವ, "ನನಗೂ ಕಲಿಸು" ಅಂದಳು. ನಲವತ್ತು ದಾಟಿದ ಹೆಂಗಸು, ಸೀರೆಯ ನೆರಿಗೆ ಸೊಂಟಕ್ಕೆ ಸಿಕ್ಕಿಸಿಕೊಂಡು, ಮೂಡಲಗಿಯ ಹೊರಗಿನ ಬಯಲಿನಲ್ಲಿ ಬಿದ್ದು ಎದ್ದು ಕಲಿತಳು. ಮುಂದೆ ಪಕ್ಕದ ಹಳ್ಳಿಯ ಸಾಲೆಗೆ ಅದರ ಮೇಲೆಯೇ ಹೋಗಿ ಬರುತ್ತಿದ್ದಳು. ಓಣಿಯ ಗಂಡಸರು ನಕ್ಕರು. ಅವ್ವ ಬೆಲ್ಲು ಬಾರಿಸಿಕೊಂಡು ಹೋದಳು.

ಕಾರು ಬಡಿದದ್ದು ಕಬ್ಬಿನ ಸೀಜನ್ನಿನಲ್ಲಿ. ಎರಡು ಟ್ರೇಲರ್ ತುಂಬ ಕಬ್ಬು ಹೇರಿಕೊಂಡ ಟ್ರ್ಯಾಕ್ಟರು ರಸ್ತೆಯ ನಡುವೆ ತೇಕುತ್ತ ಹೋಗುತ್ತಿತ್ತು. ಅವ್ವ ಡಾಂಬರು ಬಿಟ್ಟು, ಎಡಗಡೆಯ ಮಣ್ಣಿನ ಮೇಲಿದ್ದಳು. ಹಿಂದಿನಿಂದ ಬಂದ ಕಾರಿನವನಿಗೆ ತಡೆಯುವ ತಾಳ್ಮೆ ಇರಲಿಲ್ಲ. ಬಲಕ್ಕೆ ಜಾಗವಿರಲಿಲ್ಲ, ಎಡಕ್ಕೆ ನುಗ್ಗಿದ. ಸೈಕಲ್ಲು ಕಬ್ಬಿನ ಗದ್ದೆಗೆ ಹಾರಿತು, ಅವ್ವ ಬಲಗೈ ಊರಿ ಬಿದ್ದಳು. ಕಾರಿನಲ್ಲಿ ಇಬ್ಬರು ಹುಡುಗರು. ಒಬ್ಬ ಓಡಿಸುತ್ತಿದ್ದವನು, ಒಬ್ಬ ಅವನ ಗೆಳೆಯ. ಇಳಿದು ಬಂದರು, ಏನೋ ಮಾತಾಡಿದರು, ಹೋದರು. ಅವ್ವನನ್ನು ಘಟಪ್ರಭಾದ ದವಾಖಾನೆಗೆ ಮುಟ್ಟಿಸಿದವನು ಟ್ರ್ಯಾಕ್ಟರಿನವನ ಹಿಂದೆ ಬರುತ್ತಿದ್ದ ಹಾಲಿನ ಗಾಡಿಯವನು.

ಮಣಿಕಟ್ಟಿನ ಎಲುಬಿಗೆ ಪ್ಲೇಟು ಹಾಕಿದರು. ಕೆಲವು ತಿಂಗಳ ಮೇಲೆ ನೋಡಿದರೆ ಎಲುಬು ಸರಿಯಾಗಿ ಕೂಡಿರಲಿಲ್ಲ. ಕೈ ತಿರುವಲು ಬರುತ್ತಿರಲಿಲ್ಲ. ಎರಡನೆಯ ಆಪರೇಷನ್ ಬೆಳಗಾವಿಯಲ್ಲಿ ಆಗಬೇಕು ಅಂದರು. ಅದಿಲ್ಲದೆ ಸಾಲೆಯ ದೊಡ್ಡ ಪಾತೇಲಿಯಲ್ಲಿ ಸವುಟು ಆಡಿಸುವ ಆಸೆಯನ್ನು ಬಿಡಬೇಕು. ಮೂಡಲಗಿಯ ಪತ್ತಿನ ಸಂಘದಲ್ಲಿ ನನಗೆ ಬರುವ ಪಗಾರದಲ್ಲಿ ಅದು ಆಗುವ ಮಾತಾಗಿರಲಿಲ್ಲ. ಪರಿಹಾರದ ಕೇಸು ಗೆದ್ದರೆ ಅವ್ವನಿಗೆ ಕೈ, ಸೋತರೆ ಇಲ್ಲ. ನನಗೆ ಅಷ್ಟು ಸ್ಪಷ್ಟವಿತ್ತು. ಅವ್ವನಿಗೆ ಇರಲಿಲ್ಲ.

"ಪೊಲೀಸ್ ಕಂಪ್ಲೇಂಟ್ ಬ್ಯಾಡಬೇ" ಎಂದು ಅಪಘಾತದ ಮರುದಿನವೇ ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡೇ ಹಟ ಹಿಡಿದಳು. "ಸಣ್ಣ ಹುಡುಗರು. ಅವರಿಗೂ ತಾಯಿ ಇದ್ದಾಳ."

"ನನಗೂ ತಾಯಿ ಇದ್ದಾಳ. ಇಲ್ಲೇ ಮಲಗ್ಯಾಳ. ಕೈ ಮುರದೈತಿ."

ಅವಳಿಗೆ ಜೋಡಿಯಾಗಿ ಹುಕ್ಕೇರಿಯಿಂದ ನನ್ನ ಸೋದರಮಾವ ಬಂದ. ಅವ್ವನ ಅಣ್ಣ. ಸೇಬಿನ ಹಣ್ಣಿನ ಚೀಲ ತಂದಿದ್ದ, ಅದರ ಜೊತೆಗೆ ರಾಜಿಯನ್ನೂ ತಂದಿದ್ದ. ಕಾರಿನ ಮಾಲೀಕರು ಅವನ ಪರಿಚಯದವರಂತೆ.

"ದವಾಖಾನಿ ಬಿಲ್ಲು ಕೊಡತೇವಿ ಅಂದಾರ. ಕೋರ್ಟು ಕಚೇರಿ ಯಾಕ ನಮಗ? ನಾಳೆ ಸಂತ್ಯಾಗ ಭೆಟ್ಟಿ ಆಗಾವ್ರು."

"ಮಾವಾ, ಆ ಬಿಲ್ಲು ಇವತ್ತಿಂದು. ಮುಂದ ಕೈ ಬಾರದಿದ್ರ ಏನ ಮಾಡೂದು? ರೊಕ್ಕ ಅವರ ಕಿಸೆದಾಗಿಂದ ಹೋಗೂದಿಲ್ಲ. ಇನ್ಶೂರನ್ಸ್ ಕಂಪನಿ ಕೊಡತೈತಿ."

"ಕಂಪನಿಯವ್ರು ನಮಗೇನು ಬೀಗರ, ಕರದು ಕೊಡಾಕ?" ಅಂದ ಮಾವ. ಆಮೇಲೆ ಅವ್ವನ ಕಡೆ ತಿರುಗಿ, "ಅಲ್ಲ ತಂಗೀ, ನಿನಗ ಸೈಕಲ್ಲಿನ ಲೈಸನ್ಸರ ಐತೇನು?"

"ಸೈಕಲ್ಲಿಗೆ ಲೈಸನ್ಸ್ ಎಲ್ಲಿರ್ತೈತಿ ಮಾವಾ!"

"ಹೆಣ್ಣಮಕ್ಕಳು ಹೊಡದ್ರ ಬೇಕಾಗತೈತೇನೋ ಅಂತ ಕೇಳಿದ್ನಿ. ನೀ ಕಲ್ತಾಕಿ, ನಿನಗ ಗೊತ್ತು."

"ನೀ ಕಲ್ತಾಕಿ." ಮುಂದಿನ ಎರಡು ವರ್ಷ ಈ ಮಾತನ್ನು ನಾನು ಎಷ್ಟು ಬಾಯಿಂದ ಕೇಳಿದೆನೋ. ಠಾಣೆಯಲ್ಲಿ ಹವಾಲ್ದಾರರು, "ನೀವು ಕಲ್ತಾವ್ರು, ನೀವ ಬರದು ಕೊಡ್ರಿ" ಅಂದರು. ಬರೆದುಕೊಟ್ಟೆ. "ಹಿಂಗಲ್ರಿ" ಅಂದರು. ಹಾಗಾದರೆ ಹೇಗೆ ಎಂದರೆ, "ನಿಮಗ ಗೊತ್ತಿರಬೇಕಲ್ರಿ, ಡಿಗ್ರಿ ಆಗೇತಿ" ಅಂದರು. ನಾನು ಕಲಿತದ್ದು ಇತಿಹಾಸ ಮತ್ತು ಸಮಾಜಶಾಸ್ತ್ರ. ಹಿಂದಿನಿಂದ ಕಾರು ಬಡಿದರೆ ಹೇಗೆ ಬರೆಯಬೇಕೆಂದು ಯಾವ ಸೆಮಿಸ್ಟರಿನಲ್ಲೂ ಇರಲಿಲ್ಲ. ಅವ್ವನನ್ನೂ ಮಾವನನ್ನೂ ಒಪ್ಪಿಸಿ ಕಂಪ್ಲೇಂಟು ಕೊಡುವಷ್ಟರಲ್ಲಿ ನಾಲ್ಕು ದಿನ ಕಳೆದಿತ್ತು. ಆ ನಾಲ್ಕು ದಿನ ತಡವಾದದ್ದಕ್ಕೆ ಕಂಪನಿಯ ವಕೀಲರು ಮುಂದೆ ಕೋರ್ಟಿನಲ್ಲಿ ನನ್ನನ್ನು ಚೆನ್ನಾಗಿ ಅರೆದರು.

ಕೋರ್ಟಿನ ತಾರೀಖುಗಳ ಬಗ್ಗೆ ಏನು ಹೇಳಲಿ? ಒಂದು ಸಲ ಕಂಪನಿಯ ವಕೀಲರು ಬರಲಿಲ್ಲ. ಒಂದು ಸಲ ನಮ್ಮ ವಕೀಲರ ಮನೆಯಲ್ಲಿ ಮದುವೆ. ಒಂದು ಸಲ ಜಡ್ಜ್ ವರ್ಗವಾಗಿ ಹೋಗಿ ಖುರ್ಚಿಯೇ ಖಾಲಿ. ಪ್ರತಿ ಸಲವೂ ನಾನು ರಜೆ ಹಾಕಿ, ಅವ್ವನಿಗೆ ಸೀರೆ ಉಡಿಸಿ, ತಲೆ ಬಾಚಿ, ಮೂಡಲಗಿಯಿಂದ ಗೋಕಾಕಕ್ಕೆ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವ್ವ ಕೋರ್ಟಿನ ಕಟ್ಟೆಯ ಮೇಲೆ ಕೂತು ಪಕ್ಕದವರ ಕೇಸುಗಳನ್ನೆಲ್ಲ ವಿಚಾರಿಸಿಕೊಂಡು, ಅವರಿಗಾಗಿ ಮರುಗಿ, ಸಂಜೆಗೆ ಮನೆಗೆ ಬರುತ್ತಿದ್ದಳು. ತನ್ನ ಕೇಸು ಏನಾಯಿತೆಂದು ಮಾತ್ರ ಕೇಳುತ್ತಿರಲಿಲ್ಲ.

ನಡುವೆ ಒಂದು ದಿನ ನಮ್ಮ ವಕೀಲರು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದರು. ಕಂಪನಿಯವರು ಕೋರ್ಟಿಗೆ ಕೊಟ್ಟದ್ದು, ಕಾರಿನಲ್ಲಿದ್ದ ಗೆಳೆಯ ತೆಗೆದದ್ದು. ಅವ್ವ ಮಣ್ಣಿನಲ್ಲಿ ಕೂತಿದ್ದಾಳೆ, ಹಣೆಯಿಂದ ರಕ್ತ ಇಳಿದಿದೆ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ಹಿಡಿದುಕೊಂಡಿದ್ದಾಳೆ.

"ಅಕ್ಕಾರ, ತಪ್ಪ ಯಾರದ್ರಿ?" ಎಂದು ಕೇಳುತ್ತದೆ ಹುಡುಗನ ದನಿ.

"ನಂದ ತಪ್ಪಪಾ. ಬಿಸಲಾಗ ನಿಲ್ಲಬ್ಯಾಡ್ರಿ, ನೀವು ನಡೀರಿ."

"ಕೇಳಸಲಿಲ್ರಿ. ಇನ್ನೊಮ್ಮೆ ಜೋರ ಹೇಳ್ರಿ."

ಅವ್ವ ಜೋರಾಗಿ ಹೇಳುತ್ತಾಳೆ.

ನಾನು ಫೋನನ್ನು ವಕೀಲರ ಕೈಗೆ ಹಿಂದಕ್ಕೆ ಕೊಟ್ಟೆ. ಸಿಟ್ಟು ಯಾರ ಮೇಲೆ ಬಂತೆಂದು ಈಗಲೂ ಸರಿಯಾಗಿ ಹೇಳಲಾರೆ. ಆ ಹುಡುಗನ ಮೇಲೆ ಬಂತು, ಅದು ಖಂಡಿತ. ಆದರೆ ಅದಕ್ಕಿಂತ ಹೆಚ್ಚು ಅವ್ವನ ಮೇಲೆ ಬಂತು. ಎರಡನೆಯ ಸಲ ಜೋರಾಗಿ ಹೇಳುವ ದರ್ದು ಏನಿತ್ತು ಇವಳಿಗೆ?

ವಕೀಲರು ಸಮಾಧಾನದ ಮನುಷ್ಯ. "ಈಗ ಎಲ್ಲಾ ನಿಮ್ಮವ್ವ ಕಟಕಟ್ಯಾಗ ಏನ ಹೇಳ್ತಾರ ಅನ್ನೂದರ ಮ್ಯಾಲ. ಕಲಿಸ್ರಿ."

ಕಲಿಸಿದೆ. ದಿನವೂ ರೊಟ್ಟಿ ಬಡಿಯುತ್ತ ನಾನು ಕೇಳುವುದು, ಹೊಸ್ತಿಲಲ್ಲಿ ಕೂತು ಅವಳು ಹೇಳುವುದು.

"ನೀವು ರಸ್ತೆಯ ಯಾವ ಬದಿಗೆ ಇದ್ರಿ?"

"ಎಡಕ."

"ಕಾರು ಎಲ್ಲಿಂದ ಬಂತು?"

"ಹಿಂದಿಂದ."

"ತಪ್ಪು ಯಾರದು?"

"ಪಾಪ, ಅಂವಗೂ ಅವಸರ ಇರಬೇಕ ಬಿಡಬೇ..."

"ಯವ್ವಾ!"

"ಸಿಟ್ಟಿಗೇಳಬ್ಯಾಡ. ರೊಟ್ಟಿ ಹೊತ್ತಾಕತ್ತೇತಿ ನೋಡು."

ವಿಡಿಯೋ ಇದೆಯೆಂದು ಅವಳಿಗೆ ನಾನು ಹೇಳಲಿಲ್ಲ. ಹೇಳಿದರೆ ನಾಚಿಕೆಯಿಂದ ಕೋರ್ಟಿಗೇ ಬರುವುದಿಲ್ಲ ಎಂದುಕೊಂಡೆ.

ಕಡೆಗೊಮ್ಮೆ ಅವಳ ಸರದಿ ಬಂತು. ಹೊಸ ಜಡ್ಜ್ ಒಬ್ಬ ಹೆಣ್ಣುಮಗಳು, ಮೈಸೂರಿನ ಕಡೆಯ ಮಾತು. ಕಂಪನಿಯ ವಕೀಲರು ಬಿಳಿ ಕರವಸ್ತ್ರದಿಂದ ಕುತ್ತಿಗೆ ಒರೆಸಿಕೊಳ್ಳುತ್ತ ಎದ್ದು ನಿಂತರು. ಸೀರೆ ಉಟ್ಟುಕೊಂಡು ಸೈಕಲ್ ಹೊಡೆಯುವುದು ಕಷ್ಟವಲ್ಲವೇ, ಯಾವ ವಯಸ್ಸಿನಲ್ಲಿ ಕಲಿತಿರಿ, ಅದಕ್ಕೂ ಮೊದಲು ಎಷ್ಟು ಸಲ ಬಿದ್ದಿದ್ದೀರಿ ಎಂದೆಲ್ಲ ಕೇಳಿದರು.

"ಕಲಿಯಾಗ ಭಾಳ ಸಲ ಬಿದ್ದೇನ್ರಿ. ಕಲ್ತಮ್ಯಾಲ ಬಿದ್ದಿಲ್ಲ. ಅವತ್ತ ಅಂವ ಬೀಳಿಸಿದ" ಅಂದಳು ಅವ್ವ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು.

ಆಮೇಲೆ ಆ ವಕೀಲರು ಲ್ಯಾಪ್‌ಟಾಪು ತಿರುಗಿಸಿ ವಿಡಿಯೋ ಹಚ್ಚಿದರು. ಅವ್ವ ಬಾಗಿ ನೋಡಿದಳು. ತನ್ನನ್ನು ತಾನು ಆ ಸ್ಥಿತಿಯಲ್ಲಿ ಅವಳು ನೋಡಿದ್ದು ಅದೇ ಮೊದಲು. ಸೆರಗು ಬಾಯಿಗೆ ಹೋಯಿತು.

"ಇದರಾಗ ಇರಾವ್ರು ನೀವ ಏನು?"

"ನಾನ ರಿ."

"ನಂದ ತಪ್ಪು ಅಂದೀರಿ?"

"ಅಂದೇನ್ರಿ."

ನಾನು ಕಣ್ಣು ಮುಚ್ಚಿಕೊಂಡೆ. ಎರಡು ವರ್ಷ, ಅಷ್ಟು ರಜೆ, ಅಷ್ಟು ರೊಟ್ಟಿ, ಎಲ್ಲ ನೀರಿಗೆ.

"ಅಂದ ಮ್ಯಾಲ ತಪ್ಪು ನಿಮ್ಮದ ಆತಲಾ?"

ಅವ್ವ ಇನ್ನೂ ಲ್ಯಾಪ್‌ಟಾಪಿನ ಕಡೆಗೇ ನೋಡುತ್ತಿದ್ದಳು. "ಅಂವ ಫೋನ್ ಹಿಂಗ ಎತ್ತಿ ಹಿಡಕೊಂಡು ನಿಂತಿದ್ನಲ್ರಿ," ಎಂದು ನಿಧಾನವಾಗಿ ಅಂದಳು. "ದವಾಖಾನಿಯವ್ರಿಗೆ ತೋರಸಾಕತ್ತಾನ, ಗಾಡಿ ಕರಸಾಕತ್ತಾನ ಅಂತ ತಿಳದಿದ್ನಿ. ಅದಕ್ಕ ಜೋರಾಗಿ ಹೇಳಿದ್ನಿ. ಇದನ್ನ ಹಿಡ್ಯಾಕತ್ತಿದ್ದೇನು ಅಂವ?"

"ನಾ ಕೇಳಿದ್ದಕ್ಕಷ್ಟ ಉತ್ತರಾ ಕೊಡ್ರಿ."

"ಹೇಳಲಿ ಬಿಡಿ," ಅಂದರು ಜಡ್ಜ್. "ಅಮ್ಮಾ, ತಪ್ಪು ನಿಮ್ಮದಲ್ಲ ಅಂದರೆ ಹಾಗೆ ಯಾಕೆ ಹೇಳಿದಿರಿ?"

"ಅಂತೀವಲ್ರಿ ಮೇಡಮ್ಮಾರ. ನಾ ನಂದ ತಪ್ಪು ಅನ್ನಬೇಕು. ಕಾರ್ ಹೊಡಿಯಾಂವ, ಇಲ್ಲಬೇ, ನಂದ ತಪ್ಪು ಅನ್ನಬೇಕು. ಮನಷಾರು ಹಂಗಲ್ರಿ ಮಾತಾಡೂದು? ನನ್ನ ಪಾಳಿ ನಾ ಅಂದ್ನಿ. ಅಂವ ಅನ್ನಲಿಲ್ಲ. ಇನ್ನರ ಅಂತಾನ, ಇನ್ನರ ಅಂತಾನ ಅಂತ ಅಲ್ಲೇ ಕುಂತಿದ್ನಿ. ಕಾರ್ ಚಾಲೂ ಮಾಡಿಕೊಂಡು ಹೋಗೇಬಿಟ್ಟ." ಅವಳ ದನಿ ಏರಿತು. ಅವ್ವನ ದನಿ ಸಿಟ್ಟಿನಿಂದ ಏರಿದ್ದನ್ನು ನಾನು ಅಷ್ಟರವರೆಗೆ ಕೇಳಿರಲಿಲ್ಲ. "ತಪ್ಪು ಅಂವಂದ ರಿ. ನಾ ಮಣ್ಣಿನ ಮ್ಯಾಲ ಇದ್ನಿ. ಅಂವ ಟ್ರ್ಯಾಕ್ಟರಿನ ಎಡಕ್ಕ ನುಗ್ಗಿದ. ಬರಕೋರ್ರಿ ಬೇಕಾದ್ರ."

ಟೈಪು ಮಾಡುವವರು ಎಷ್ಟು ಬರೆದುಕೊಂಡರೋ ತಿಳಿಯದು. ನಾನು ಕಲಿಸಿದ ವಾಕ್ಯಗಳಲ್ಲಿ ಒಂದನ್ನೂ ಅವಳು ಹಾಗೆಯೇ ಹೇಳಿರಲಿಲ್ಲ. ಹೊರಗೆ ಬಂದ ಮೇಲೆ ಕೇಳಿದೆ, "ಇದನ್ನ ಮನ್ಯಾಗ ಒಮ್ಮೆರ ನನ್ನ ಮುಂದ ಹೇಳಬಾರದಾಗಿತ್ತೇನು?"

"ನೀ ತಪ್ಪು ಯಾರದು ಅಂತ ಕೇಳಾಕಿ. ಯಾಕ ಹಂಗ ಅಂದಿ ಅಂತ ಎಲ್ಲಿ ಕೇಳಿದಿ?" ಅಂದಳು.

ನನಗೆ ಮತ್ತೆ ಸಿಟ್ಟು ಬಂತು. ಆದರೆ ಅವಳು ಹೇಳಿದ್ದು ಖರೆ ಇತ್ತು. ನಾನು ಕೇಳಿರಲಿಲ್ಲ.

ಆದೇಶ ಬರಲು ಮತ್ತೂ ಕೆಲವು ತಾರೀಖು ಹಿಡಿಯಿತು. ತಪ್ಪು ಪೂರ್ತಿ ಕಾರಿನವನದು ಎಂದು ಬಂತು. ರಸ್ತೆಯ ಬದಿಗೆ, ಗಾಯಗೊಂಡು, ಕೇಳಿ ಕೇಳಿ ಹೇಳಿಸಿದ ಮಾತನ್ನು ತಪ್ಪೊಪ್ಪಿಗೆ ಎನ್ನಲಾಗದು ಎಂದು ಜಡ್ಜ್ ಬರೆದಿದ್ದರು. ವಕೀಲರು ಪೇಢೆ ತರಿಸಿದರು. ಪೇಢೆ ಬಾಯಲ್ಲಿ ಕರಗುವ ಮೊದಲೇ ಕಂಪನಿಯವರು ಧಾರವಾಡದ ಹೈಕೋರ್ಟಿಗೆ ಅಪೀಲು ಹೋದರು. ಹುಕ್ಕೇರಿಯಿಂದ ಮಾವನ ಫೋನು ಬಂತು: "ನಾ ಏನ ಅಂದಿದ್ನಿ? ಸಂತ್ಯಾಗ ಮುಗಸೋದನ್ನ ಧಾರವಾಡಕ್ಕ ಒಯ್ದಿ." ಕಲಿತವಳಾದ ನಾನು ಫೋನು ಇಟ್ಟೆ.

ಪುಣ್ಯಕ್ಕೆ ಅಪೀಲಿನ ನಡುವೆಯೂ ಹಣದ ಒಂದು ಪಾಲನ್ನು ಬಿಡಿಸಿಕೊಳ್ಳಲು ಅನುಮತಿ ಸಿಕ್ಕಿತು. ಬೆಳಗಾವಿಯಲ್ಲಿ ಆಪರೇಷನ್ ಆಯಿತು. ಈಗ ಮಣಿಕಟ್ಟು ಅರ್ಧಕ್ಕಿಂತ ಹೆಚ್ಚು ತಿರುಗುತ್ತದೆ. ಸಾಲೆಯಲ್ಲಿ ಅವಳ ಜಾಗಕ್ಕೆ ಬೇರೆಯವರು ಬಂದಾಗಿದೆ. ಆದರೂ ಹೆಡ್‌ಮಾಸ್ತರರು ಸಹಾಯಕಿಯಾಗಿ ಕರೆದಿದ್ದಾರೆ, ಬರುವ ಜೂನಿನಿಂದ. ಉಳಿದ ಹಣ ಧಾರವಾಡದಲ್ಲಿ ಏನಾಗುತ್ತದೋ ಗೊತ್ತಿಲ್ಲ. ಅಲ್ಲಿ ಸೋತರೆ ಬಂದದ್ದನ್ನೂ ಹಿಂದಕ್ಕೆ ಕೇಳಬಹುದು ಎಂದು ವಕೀಲರು ಹೇಳಿದ್ದಾರೆ. ನಾನು ಅದನ್ನು ಅವ್ವನಿಗೆ ಹೇಳಿದೆ. ಹೇಳಬಾರದಿತ್ತು.

"ಅಲ್ಲೆ ನಾ ಯಾವಾಗ ಹೇಳೂದು?" ಅಂದಳು.

"ಅಲ್ಲೆ ನೀ ಹೇಳೂದಿಲ್ಲಬೇ. ಸಾಕ್ಷಿ ಕರಿಯೂದಿಲ್ಲ. ವಕೀಲರು ಕಾಗದ ನೋಡಿ ಮಾತಾಡತಾರ, ಅಷ್ಟ."

"ಕಾಗದಕ್ಕೇನು ಗೊತ್ತು? ಆ ಜಡ್ಜರು ನನ್ನ ನೋಡ್ಯಾರೇನು?"

"ಇಲ್ಲ."

"ಮತ್ತ? ಕಾರಿನವಂದ ತಪ್ಪು ಅಂತ ಅವರಿಗೆ ಯಾರು ಹೇಳಬೇಕು?"

ಹೈಕೋರ್ಟು ಹೇಗೆ ನಡೆಯುತ್ತದೆ ಎಂದು ನನಗೆ ತಿಳಿದಷ್ಟು ವಿವರಿಸಿದೆ. ಅವ್ವ ಪೂರ್ತಿ ಕೇಳಿಸಿಕೊಂಡಳು, ತಲೆಯಾಡಿಸಿದಳು. ಮರುದಿನ ಸಂಘದಿಂದ ಮನೆಗೆ ಬಂದರೆ, ಗೋಕಾಕದಿಂದ ಧಾರವಾಡಕ್ಕೆ ಬೆಳಗಿನ ಬಸ್ಸು ಎಷ್ಟಕ್ಕೆ ಎಂದು ಓಣಿಯವರನ್ನೆಲ್ಲ ವಿಚಾರಿಸಿಟ್ಟಿದ್ದಳು. ಅಪೀಲಿಗೆ ಇನ್ನೂ ತಾರೀಖೇ ಬಿದ್ದಿಲ್ಲ ಅಂದೆ. "ಬೀಳಲಿ. ನೀ ರಜಾ ಕೇಳಿ ಇಡು" ಅಂದಳು.